ಪವರ್ ನೋಡಿ ಆಂಟಿಬಯಾಟಿಕ್ ಆರಿಸ್ಬೇಡಿ: ಸಣ್ಣ ಊರಿನ ಕ್ಲಿನಿಕ್ಕಿಗೆ ಒಂದು ಹೋಲಿಕೆ

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾರ್ಕೆಟ್ ಮುಗಿಸ್ಕೊಂಡು ಜನ ನನ್ನ ಕ್ಲಿನಿಕ್ಕಿಗೆ ಬರೋ ಹೊತ್ತಿಗೆ ಮಧ್ಯಾಹ್ನ ಆಗಿರುತ್ತೆ, ಬಂದವರಲ್ಲಿ ಎಷ್ಟೋ ಜನ ಕೂತ ತಕ್ಷಣ ಜೇಬಿಂದ ಒಂದು ಖಾಲಿ ಸ್ಟ್ರಿಪ್ ತೆಗೆದು ಟೇಬಲ್ ಮೇಲೆ ಇಡ್ತಾರೆ. ಹೋದ ತಿಂಗಳು ಒಬ್ಬ ರೈತರು ಹಂಗೇ ಇಟ್ಟು "ಡಾಕ್ಟ್ರಮ್ಮ, ಇದು ಮೂರು ದಿನ ನುಂಗ್ದೆ, ಪವರ್ ಸಾಲ್ತಿಲ್ಲ, ಇದಕ್ಕಿಂತ ಪವರ್ ಇರೋದು ಬರ್ಕೊಡಿ" ಅಂದ್ರು. ಸ್ಟ್ರಿಪ್ ಸೆಫಿಕ್ಸಿಮ್ 200 ಅನ್ನೋ ಆಂಟಿಬಯಾಟಿಕ್‌ದು, ಬರೆದವರು ಯಾರೂ ಇಲ್ಲ, ಮೆಡಿಕಲ್ಸಲ್ಲಿ ಜ್ವರ ಅಂದಿದ್ದಕ್ಕೆ ಕೊಟ್ಟಿದ್ದು. ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ಈ "ಪವರ್" ಅನ್ನೋ ಮಾತು ರೋಗಿಗಳ ಬಾಯಲ್ಲಿ ಮಾತ್ರ ಇದ್ದಿದ್ರೆ ನಾನು ಇಷ್ಟುದ್ದ ಬರೀತಿರ್ಲಿಲ್ಲ. ಹೌಸ್ ಸರ್ಜೆನ್ಸಿ ಮುಗಿಸಿ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋಗಿರೋ, ಹೊಸದಾಗಿ ಕ್ಲಿನಿಕ್ ಹಾಕಿರೋ ಹುಡುಗ ಹುಡುಗೀರು ನನಗೆ ಫೋನ್ ಮಾಡ್ದಾಗ ಅವರೂ ಅದೇ ಅಳತೆಯಲ್ಲೇ ಕೇಳ್ತಾರೆ, ಮೇಡಂ ಅಮಾಕ್ಸಿಸಿಲಿನ್ ವೀಕ್ ಅಲ್ವಾ, ಸೆಫ್ಟ್ರಿಯಾಕ್ಸೋನ್ ಸ್ಟ್ರಾಂಗ್ ಅಲ್ವಾ ಅಂತ. ಆಂಟಿಬಯಾಟಿಕ್ಕಿಗೆ ವೀಕ್ ಸ್ಟ್ರಾಂಗ್ ಅನ್ನೋ ಒಂದೇ ಏಣಿ ಇಲ್ಲ. ಯಾವ ಕ್ರಿಮಿ ಇರಬಹುದು, ಅದು ದೇಹದಲ್ಲಿ ಎಲ್ಲಿ ಕೂತಿದೆ, ಆ ಜಾಗಕ್ಕೆ ಈ ಔಷಧಿ ಹೋಗುತ್ತಾ, ನುಂಗೋ ಮನುಷ್ಯ ಯಾರು, ಈ ನಾಲ್ಕು ಪ್ರಶ್ನೆ ಮಾತ್ರ ಇರೋದು. ಈ ಬರಹ ಅಂಥ ಚಿಕ್ಕ ಡಾಕ್ಟರ್‌ಗಳಿಗೆ. ಬೇರೆಯವರೂ ಓದಿ, ಆದ್ರೆ ಓದಿ ಮೆಡಿಕಲ್ಸಿಗೆ ಹೋಗಿ ನೀವೇ ತಗೊಳ್ಳೋಕೆ ಅಲ್ಲ, ನಿಮ್ಮ ಡಾಕ್ಟ್ರನ್ನ ಸರಿಯಾದ ಪ್ರಶ್ನೆ ಕೇಳೋಕೆ.

ಕೊಡೋದಾ, ಕೊಡದೇ ಇರೋದಾ

ಮೊದಲ ಆಯ್ಕೆ ಇದೇ, ಮತ್ತೆ ಇದೇ ಕಷ್ಟದ್ದು. ನೆಗಡಿ, ಮೂಗು ಸೋರೋದು, ದನಿ ಒಡೆಯೋದು, ಕೆಮ್ಮು ಎಲ್ಲಾ ಒಟ್ಟಿಗೆ ಬಂದಿದ್ರೆ ಅದು ವೈರಸ್, ಕಫ ಹಳದಿ ಆಯ್ತು ಹಸಿರಾಯ್ತು ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಆಗಲ್ಲ. ವೈರಸ್ ಕೆಮ್ಮು ಎರಡು ಮೂರು ವಾರ ಎಳೆಯೋದು ಮಾಮೂಲಿ, ಇದನ್ನ ಮೊದಲೇ ಹೇಳದೇ ಹೋದ್ರೆ ಐದನೇ ದಿನ ಅವರು ಇನ್ನೊಬ್ಬ ಡಾಕ್ಟರ್ ಹತ್ರ ಹೋಗ್ತಾರೆ, ಅಲ್ಲಿ ಆಂಟಿಬಯಾಟಿಕ್ ಸಿಗುತ್ತೆ, ಅಷ್ಟರಲ್ಲಿ ಕೆಮ್ಮು ತಾನಾಗೇ ಇಳಿಯೋ ಟೈಮ್ ಬಂದಿರುತ್ತೆ, ಹೆಸರು ಮಾತ್ರೆಗೆ ಬರುತ್ತೆ. ನಮ್ಮೂರಲ್ಲಿ ಇನ್ನೊಂದಿದೆ, ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ಬಿಸಿನೀರಿನ ಹಬೆಯಲ್ಲಿ, ಬೆಂದ ಹುಳದ ವಾಸನೆಯಲ್ಲಿ ದಿನಪೂರ್ತಿ ಕೆಲಸ ಮಾಡೋರ ಕೆಮ್ಮು ಎಷ್ಟೋ ಸಲ ಅಲರ್ಜಿ, ಆಸ್ತಮಾ. ಅವರಿಗೆ ಬೇಕಾಗಿರೋದು ಇನ್‌ಹೇಲರ್. ಸ್ಟೆತಸ್ಕೋಪ್ ಇಟ್ಟು ವೀಜಿಂಗ್ (ಎದೆಯಲ್ಲಿ ಸುಂಯ್ ಅನ್ನೋ ಸದ್ದು) ಕೇಳದೇ ಅಜಿತ್ರೋಮೈಸಿನ್, ಅಂದ್ರೆ ಅಜಿತ್ರೋ ಬರೆದ್ರೆ ಆ ಹೆಂಗಸು ವರ್ಷಕ್ಕೆ ಆರು ಸಲ ಅಜಿತ್ರೋ ನುಂಗ್ತಾಳೆ, ದಮ್ಮು ಹಾಗೇ ಇರುತ್ತೆ.

ಬೇದಿಯಲ್ಲೂ ಅಷ್ಟೇ. ನೀರು ನೀರಾಗಿ ಬೇದಿ, ರಕ್ತ ಇಲ್ಲ ಅಂದ್ರೆ ಓಆರ್‌ಎಸ್, ಮಕ್ಕಳಿಗೆ ಜೊತೆಗೆ ಜಿಂಕ್, 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ 14 ದಿನ, ಅದಕ್ಕಿಂತ ಚಿಕ್ಕದಕ್ಕೆ 10 ಮಿ.ಗ್ರಾಂ. ಮುಗೀತು. ಓಫ್ಲಾಕ್ಸಸಿನ್ ಆರ್ನಿಡಜೋಲ್ ಸೇರಿಸಿದ ಮಾತ್ರೆ ಬೇದಿಗೆ ಅಂತಲೇ ಇರೋದು ಅನ್ನೋ ಥರ ನಮ್ಮ ಕಡೆ ಓಡುತ್ತೆ, ಅದರೊಳಗಿನ ಒಂದು ಔಷಧಿ ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಅಮೀಬಾಕ್ಕೆ, ಎರಡೂ ಇರೋ ರೋಗಿ ತೀರಾ ಅಪರೂಪ. ರಕ್ತ ಬೇದಿ, ಜ್ವರ ಇದ್ರೆ ಮಾತ್ರ ಆಂಟಿಬಯಾಟಿಕ್ ಯೋಚನೆ, ಆಗಲೂ ಸಿಪ್ರೋ (ಸಿಪ್ರೋಫ್ಲಾಕ್ಸಸಿನ್) ನಮ್ಮ ದೇಶದ ಶಿಗೆಲ್ಲಾ ಅನ್ನೋ ರಕ್ತ ಬೇದಿ ಕ್ರಿಮಿ ಮೇಲೆ ಈಗ ನಂಬೋ ಹಂಗಿಲ್ಲ, ಅಜಿತ್ರೋಮೈಸಿನ್ ವಾಸಿ. ಡೆಂಗೀ ಅಂತ ಖಚಿತ ಆಗಿದ್ರೆ ಪ್ಲೇಟ್‌ಲೆಟ್ ಎಷ್ಟೇ ಇಳಿದಿರ್ಲಿ ಆಂಟಿಬಯಾಟಿಕ್ಕಿಗೆ ಅಲ್ಲಿ ಕೆಲಸ ಇಲ್ಲ, ನೀರಿನಂಶ ನೋಡ್ಕೊಳ್ಳೋದೇ ಚಿಕಿತ್ಸೆ.

ಗಂಟಲು ನೋವು: ಅಮಾಕ್ಸಿಸಿಲಿನ್ನಾ, ಅಜಿತ್ರೋನಾ

ಗಂಟಲಲ್ಲಿ ಬ್ಯಾಕ್ಟೀರಿಯಾ ಅಂತ ಹುಡುಕೋದು ಒಂದನ್ನೇ, ಗ್ರೂಪ್ ಎ ಸ್ಟ್ರೆಪ್ಟೋಕಾಕಸ್. ಜ್ವರ ಇದೆಯಾ, ಕೆಮ್ಮು ಇಲ್ವಾ, ಕತ್ತಿನ ಮುಂಭಾಗದ ಗಂಟು ಮುಟ್ಟಿದ್ರೆ ನೋಯುತ್ತಾ, ಟಾನ್ಸಿಲ್ ಮೇಲೆ ಬಿಳಿ ಪದರ ಇದೆಯಾ, ಈ ನಾಲ್ಕು ಸೆಂಟೋರ್ ಪ್ರಶ್ನೆ ಕೇಳೋಕೆ ಎರಡು ನಿಮಿಷ ಸಾಕು. ಒಂದೋ ಎರಡೋ ಇದ್ರೆ ಪ್ಯಾರಾಸಿಟಮಾಲ್, ಉಪ್ಪುನೀರು ಅಷ್ಟೇ. ಮೂರು ನಾಲ್ಕು ಇದ್ರೆ, ಅದರಲ್ಲೂ ಸ್ಕೂಲಿಗೆ ಹೋಗೋ ವಯಸ್ಸಿನ ಮಗು ಆದ್ರೆ ಬರೀರಿ.

ಬರೆಯೋದು ಅಮಾಕ್ಸಿಸಿಲಿನ್ ಅಥವಾ ಪೆನ್ಸಿಲಿನ್ ವಿ. ಇಲ್ಲಿ ಎಲ್ಲರೂ ಅಜಿತ್ರೋ ಕಡೆ ಹೋಗ್ತಾರೆ ಯಾಕಂದ್ರೆ ದಿನಕ್ಕೆ ಒಂದು ಮಾತ್ರೆ, ಮೂರೋ ಐದೋ ದಿನ, ರೋಗಿಗೂ ಖುಷಿ. ಆದ್ರೆ ನೋಡಿ, 1928ರಲ್ಲಿ ಫ್ಲೆಮಿಂಗ್ ಕಣ್ಣಿಗೆ ಬಿದ್ದ ಪೆನ್ಸಿಲಿನ್ನಿಗೆ ಈ ಸ್ಟ್ರೆಪ್ಟೋಕಾಕಸ್ ಇವತ್ತಿಗೂ ಸೋಲುತ್ತೆ, ಇಷ್ಟು ದಶಕ ಬಳಸಿದ್ರೂ ಪೆನ್ಸಿಲಿನ್ನಿಗೆ ಬಗ್ಗದ ಸ್ಟ್ರೆಪ್ ರೋಗಿಗಳಲ್ಲಿ ಕಾಣಿಸ್ಕೊಂಡಿಲ್ಲ, ಅದೇ ಅಜಿತ್ರೋಗೆ ಬಗ್ಗದ ಸ್ಟ್ರೆಪ್ ಬೇಕಾದಷ್ಟಿದೆ. ಹಾಗಾದ್ರೆ ಯಾವುದು ಪವರ್? ಅಜಿತ್ರೋ ಇಟ್ಕೊಳ್ಳೋದು ಪೆನ್ಸಿಲಿನ್ ಅಲರ್ಜಿ ನಿಜವಾಗ್ಲೂ ಇರೋರಿಗೆ. ಅಮಾಕ್ಸಿಸಿಲಿನ್ 10 ದಿನ ಪೂರ್ತಿ, ಇಲ್ಲಿ ದಿನ ಕಮ್ಮಿ ಮಾಡ್ಬೇಡಿ, ಯಾಕಂದ್ರೆ ನಾವು ತಡೀತಿರೋದು ಗಂಟಲು ನೋವನ್ನಲ್ಲ, ರುಮ್ಯಾಟಿಕ್ ಜ್ವರಾನ, ಹೃದಯದ ವಾಲ್ವ್ ಹಾಳಾಗೋದನ್ನ. ಹತ್ತು ದಿನ ಕೊಡಿಸೋ ಮನೆ ಅಲ್ಲ ಅಂತ ಅನ್ನಿಸಿದ್ರೆ ಬೆಂಜಥಿನ್ ಪೆನ್ಸಿಲಿನ್ ಒಂದೇ ಸೂಜಿ, ದೊಡ್ಡವರಿಗೆ 12 ಲಕ್ಷ ಯೂನಿಟ್, ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯ ತರೋ ದಿಢೀರ್ ಅಲರ್ಜಿ) ನೋಡ್ಕೊಳ್ಳೋ ತಯಾರಿ ಇರೋ ಕಡೆ.

ಎದೆ ಇನ್ಫೆಕ್ಷನ್: ಅಮಾಕ್ಸಿಸಿಲಿನ್, ಕ್ಲಾವ್, ಲೆವೋಫ್ಲಾಕ್ಸಸಿನ್

ಇದನ್ನ ಸ್ವಲ್ಪ ಉದ್ದ ಬರೀತೀನಿ, ಕಾರಣ ಇದೆ.

ಆರೇಳು ವರ್ಷದ ಹಿಂದೆ ಬಿಚ್ಚಾಣಿಕೆ ಕೆಲಸದ ಒಬ್ಬ ಹೆಂಗಸು ಬಂದ್ರು, ನಲವತ್ತರ ಆಸುಪಾಸು, ಮೂರು ವಾರದಿಂದ ಕೆಮ್ಮು, ಸಂಜೆ ಮೈ ಬೆಚ್ಚಗೆ. ಆಗಲೇ ಅವರು ಎರಡು ಕಡೆ ತೋರಿಸಿ ಅಮಾಕ್ಸಿಸಿಲಿನ್, ಅಜಿತ್ರೋ ಎರಡೂ ಮುಗಿಸಿದ್ರು. ನಾನು ಲೆವೋಫ್ಲಾಕ್ಸಸಿನ್ 750 ಬರೆದೆ. ವಾರಕ್ಕೆ ಬಂದು ಕೈ ಮುಗಿದ್ರು, ಜ್ವರ ಹೋಯ್ತಮ್ಮ, ಕೆಮ್ಮೂ ಕಮ್ಮಿ ಅಂತ. ಎರಡು ತಿಂಗಳಾದ್ಮೇಲೆ ಅವರ ಮಗಳು ಕರ್ಕೊಂಡು ಬಂದಾಗ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಸೊರಗಿದ್ರು. ಕಫ ಟೆಸ್ಟಲ್ಲಿ ಟಿಬಿ ಬಂತು. ಆ ಎರಡು ತಿಂಗಳು ಅವರು ಒಂದೇ ಕೋಣೆಯಲ್ಲಿ ಮೊಮ್ಮಗೂನ ಪಕ್ಕದಲ್ಲಿ ಮಲಗಿಸ್ಕೊಂಡಿದ್ರು. ತಪ್ಪು ನನ್ನದು, ಅವತ್ತೇ ಕಫ ಕಳಿಸ್ಬೇಕಿತ್ತು.

ಲೆವೋಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಈ ಗುಂಪು ಟಿಬಿ ಕ್ರಿಮಿ ಮೇಲೂ ಕೆಲಸ ಮಾಡುತ್ತೆ. ಐದು ದಿನ ಕೊಟ್ರೆ ಟಿಬಿ ಸಾಯಲ್ಲ, ತಲೆ ತಗ್ಗಿಸುತ್ತೆ, ಲಕ್ಷಣ ಇಳಿಯುತ್ತೆ, ಕಫದಲ್ಲಿ ಕ್ರಿಮಿ ಸಿಗದೇ ಹೋಗ್ಬಹುದು, ಅಷ್ಟರಲ್ಲಿ ರೋಗ ಒಳಗೇ ಬೆಳೆಯುತ್ತೆ. ಮೇಲಾಗಿ ಇದೇ ಔಷಧಿಗಳು ಮಾಮೂಲಿ ಟಿಬಿ ಮಾತ್ರೆಗೆ ಬಗ್ಗದ ಟಿಬಿಗೆ ಮುಖ್ಯ ಆಸರೆ, ಅದನ್ನ ಕೆಮ್ಮಿಗೆ ಖರ್ಚು ಮಾಡಿದ್ರೆ ಆಮೇಲೆ ಕೈ ಖಾಲಿ. ಅದಕ್ಕೇ ನನ್ನ ಟೇಬಲ್ ಗಾಜಿನ ಕೆಳಗೆ ಒಂದು ಚೀಟಿ ಇಟ್ಟಿದ್ದೀನಿ, "ಎರಡು ವಾರ ದಾಟಿದ ಕೆಮ್ಮು, ಮೊದಲು ಕಫ" ಅಂತ. ಕಫದಲ್ಲಿ ಟಿಬಿ ಹುಡುಕೋ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಟೆಸ್ಟ್ ಸರ್ಕಾರಿ ಕಡೆ ಫ್ರೀ, ರೋಗಿಗೆ ಒಂದು ಚೀಟಿ ಬರ್ಕೊಟ್ಟು ಕಳಿಸೋದಷ್ಟೇ ನಮ್ಮ ಕೆಲಸ.

ಹಾಗಾದ್ರೆ ಮೊನ್ನೆ ಮೊನ್ನೆ ಶುರುವಾದ ನಿಮೋನಿಯಾಗೆ? ದೊಡ್ಡವರಲ್ಲಿ ಮೊದಲು ಮನೆಗೆ ಕಳಿಸ್ಬಹುದಾ ಅಂತ ನೋಡಿ: ಮಂಕಾಗಿದ್ದಾರಾ, ಉಸಿರು ನಿಮಿಷಕ್ಕೆ 30 ಮುಟ್ಟಿದೆಯಾ, ಬಿಪಿಯ ಮೇಲಿನ ನಂಬರ್ 90ರ ಕೆಳಗಾ ಅಥವಾ ಕೆಳಗಿನ ನಂಬರ್ 60 ಅಥವಾ ಅದಕ್ಕಿಂತ ಕಮ್ಮಿನಾ, ವಯಸ್ಸು 65 ದಾಟಿದೆಯಾ, ಇದಕ್ಕೆ ಲ್ಯಾಬೂ ಬೇಡ, ಜೊತೆಗೆ ಬೆರಳಿಗೆ ಆಕ್ಸಿಮೀಟರ್ ಹಾಕಿ. ಎಲ್ಲಾ ಸರಿ ಇದ್ರೆ ಅಮಾಕ್ಸಿಸಿಲಿನ್ 1 ಗ್ರಾಂ ದಿನಕ್ಕೆ ಮೂರು ಸಲ 5 ದಿನ. ಹೌದು 1 ಗ್ರಾಂ, 250 ಅಲ್ಲ. ಅಮಾಕ್ಸಿಸಿಲಿನ್ ವೀಕ್ ಅನ್ನೋ ಹೆಸರು ಬಂದಿರೋದಕ್ಕೆ ಅರ್ಧ ಕಾರಣ ನಾವು ಅದನ್ನ ಕಮ್ಮಿ ಡೋಸಲ್ಲಿ, ದಿನಕ್ಕೆ ಎರಡೇ ಸಲ ಬರೆಯೋದು. ಈ ಗುಂಪಿನ ಔಷಧಿ ರಕ್ತದಲ್ಲಿ ಎಷ್ಟು ಹೊತ್ತು ಇರುತ್ತೆ ಅನ್ನೋದರ ಮೇಲೆ ಕೆಲಸ ಮಾಡುತ್ತೆ, ಹಾಗಾಗಿ ದೊಡ್ಡವರ ನಿಮೋನಿಯಾಗೆ ಎಂಟು ಗಂಟೆಗೊಂದು ಸಲ ಬೇಕೇ ಬೇಕು. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ್ದು, ಅಂದ್ರೆ ಕ್ಲಾವ್, ಸಿಒಪಿಡಿ (ಬಹುಕಾಲದ ಶ್ವಾಸಕೋಶದ ಕಾಯಿಲೆ) ಇರೋರಿಗೆ, ವಯಸ್ಸಾಗಿ ಬೇರೆ ಕಾಯಿಲೆಗಳಿರೋರಿಗೆ. ಎಲ್ಲರಿಗೂ ಕ್ಲಾವ್ ಕೊಟ್ರೆ ಸಿಗೋ ಲಾಭ ಕಮ್ಮಿ, ಬೇದಿ ಜಾಸ್ತಿ, ಕೆಲವರಿಗೆ ಲಿವರ್‌ಗೂ ತೊಂದರೆ, ದುಡ್ಡೂ ಜಾಸ್ತಿ. ಮಕ್ಕಳಲ್ಲಿ ಉಸಿರು ಎಣಿಸಿ, ಮೊಬೈಲ್ ನೋಡ್ತಾ ಒಂದು ಪೂರ್ತಿ ನಿಮಿಷ: 2ರಿಂದ 11 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40, ಅದಕ್ಕೆ ಮುಟ್ಟಿದ್ರೆ ನಿಮೋನಿಯಾ ಅಂತ ಲೆಕ್ಕ, ಅಮಾಕ್ಸಿಸಿಲಿನ್ ಒಂದೊಂದು ಸಲಕ್ಕೂ ಕೇಜಿಗೆ 40 ಮಿ.ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಎರಡು ಸಲ. ಎದೆ ಒಳಕ್ಕೆ ಎಳೀತಿದ್ರೆ, ಹಾಲು ಕುಡೀತಿಲ್ಲ ಅಂದ್ರೆ, 2 ತಿಂಗಳಿಗಿಂತ ಚಿಕ್ಕ ಕೂಸಾದ್ರೆ ಕ್ಲಿನಿಕ್ಕಲ್ಲಿ ಟೈಮ್ ಕಳೀಬೇಡಿ, ಆಸ್ಪತ್ರೆಗೆ ಕಳಿಸಿ.

ಉರಿಮೂತ್ರ: ಹಳೇ ಮಾತ್ರೆನೇ ಮುಂದೆ

ಹೆಣ್ಮಕ್ಕಳ ಮಾಮೂಲಿ ಉರಿಮೂತ್ರಕ್ಕೆ ಸಿಪ್ರೋ, ಓಫ್ಲಾಕ್ಸಸಿನ್, ಸೆಫಿಕ್ಸಿಮ್ ಬರೆಯೋದು ಎಲ್ಲರಿಗೂ ರೂಢಿ ಆಗಿದೆ, ಆದ್ರೆ ಉರಿಮೂತ್ರಕ್ಕೆ ಹೆಚ್ಚಾಗಿ ಕಾರಣವಾಗೋ ಇ ಕೋಲೈ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಈ ಗುಂಪುಗಳಿಗೆ ಸಿಕ್ಕಾಪಟ್ಟೆ ಒಗ್ಗಿಹೋಗಿದೆ. ನೈಟ್ರೋಫ್ಯುರಾಂಟಾಯಿನ್ನಿಗೆ ಇನ್ನೂ ಬಹುಪಾಲು ಬಗ್ಗುತ್ತೆ. ಕಾರಣ ಸ್ವಾರಸ್ಯವಾಗಿದೆ: ಅದು ರಕ್ತದಲ್ಲಿ ನಿಲ್ಲೋದೇ ಇಲ್ಲ, ಸೀದಾ ಮೂತ್ರಕ್ಕೆ ಇಳಿದು ಅಲ್ಲಿ ಗಟ್ಟಿಯಾಗುತ್ತೆ, ಮತ್ತೆ ಕ್ರಿಮಿಯ ಒಳಗೆ ಒಂದಲ್ಲ ಹಲವು ಜಾಗದಲ್ಲಿ ಹೊಡೆಯುತ್ತೆ. 100 ಮಿ.ಗ್ರಾಂ ಎಸ್‌ಆರ್ (ನಿಧಾನವಾಗಿ ಕರಗೋ) ಮಾತ್ರೆ ದಿನಕ್ಕೆ ಎರಡು, ಊಟದ ಜೊತೆ, 5 ದಿನ. ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು ಅಂತ ಮೊದಲೇ ಹೇಳ್ಬಿಡಿ, ಇಲ್ಲಾಂದ್ರೆ ಗಾಬರಿಯಾಗಿ ನಿಲ್ಲಿಸ್ತಾರೆ.

ಆ ಗುಣವೇ ಅದರ ಮಿತಿನೂ ಹೌದು. ಚಳಿ ಜ್ವರ, ಬೆನ್ನಿನ ಪಕ್ಕ ನೋವು, ವಾಂತಿ ಇದ್ರೆ ಇನ್ಫೆಕ್ಷನ್ ಕಿಡ್ನಿ ಮುಟ್ಟಿದೆ, ಅಲ್ಲಿಗೆ ನೈಟ್ರೋಫ್ಯುರಾಂಟಾಯಿನ್ ಕೆಲಸಕ್ಕೆ ಬರಲ್ಲ, ಕಲ್ಚರ್ ಕಳಿಸಿ ಸೂಜಿ ಶುರು ಮಾಡ್ಬೇಕು. ಗಂಡಸರಲ್ಲಿ ಪ್ರಾಸ್ಟೇಟ್ ಸೇರಿದ್ರೂ ಅದೇ. ಕಿಡ್ನಿ ಕೆಲಸ ತುಂಬಾ ಕುಗ್ಗಿರೋರಿಗೆ, ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡೋ ಕಿಣ್ವ) ಕೊರತೆ ಇರೋರಿಗೆ, ಹೆರಿಗೆ ದಿನ ಹತ್ತಿರ ಇರೋ ಬಸುರಿಗೆ ಬೇಡ. ಫಾಸ್ಫೋಮೈಸಿನ್ 3 ಗ್ರಾಂ ಸ್ಯಾಶೆ ಒಂದೇ ಡೋಸ್, ರಾತ್ರಿ ಮೂತ್ರ ಮಾಡಿ ಮಲಗೋ ಮುಂಚೆ ಖಾಲಿ ಹೊಟ್ಟೆಗೆ. ಒಳ್ಳೇದೇ, ದುಬಾರಿ, ನಾನು ನೈಟ್ರೋಫ್ಯುರಾಂಟಾಯಿನ್ ಆಗದವರಿಗೆ ಇಟ್ಕೊಂಡಿದ್ದೀನಿ.

ಇನ್ನೊಂದು, ಉರಿ ಇಲ್ಲ ಜ್ವರ ಇಲ್ಲ, ಹೆಲ್ತ್ ಚೆಕಪ್ ಪ್ಯಾಕೇಜಲ್ಲಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಅಂತ ಬಂತು ಅಂದ್ರೆ ಚಿಕಿತ್ಸೆ ಬೇಡ, ಸಕ್ಕರೆ ಕಾಯಿಲೆ ಇದ್ರೂ ಬೇಡ. ಬಸುರಿಯರಿಗೆ ಬೇಕು, ಮೂತ್ರನಾಳದ ಆಪರೇಷನ್‌ಗೆ ಹೋಗೋರಿಗೆ ಬೇಕು, ಅಷ್ಟೇ.

ಐದು ದಿನ ದಾಟಿದ ಜ್ವರ: ಸೆಫ್ಟ್ರಿಯಾಕ್ಸೋನ್, ಅಜಿತ್ರೋ, ಡಾಕ್ಸಿ

ಪವರ್ ಅನ್ನೋ ಏಣಿ ಪೂರ್ತಿ ಮುರಿದು ಬೀಳೋದು ಇಲ್ಲಿ. ಚಿಕ್ಕಬಳ್ಳಾಪುರ ಕೋಲಾರದ ಕಡೆ ಹೊಲ ತೋಟ ಬೇಲಿ ಪೊದೆ ಅಂತ ಓಡಾಡೋ ಜನಕ್ಕೆ ಮಳೆಗಾಲ ಚಳಿಗಾಲದಲ್ಲಿ ಬಿಡದ ಜ್ವರ ಬಂದ್ರೆ ಒಂದು ಕಡೆ ಟೈಫಾಯ್ಡ್, ಇನ್ನೊಂದು ಕಡೆ ಸ್ಕ್ರಬ್ ಟೈಫಸ್, ಹೆಸರು ಒಂದೇ ಥರ ಕೇಳಿದ್ರೂ ಸಂಬಂಧ ಇಲ್ಲ. ಟೈಫಾಯ್ಡ್ ನೀರು ಊಟದಿಂದ, ಸ್ಕ್ರಬ್ ಟೈಫಸ್ ಕಣ್ಣಿಗೆ ಕಾಣದಷ್ಟು ಚಿಕ್ಕ ಮೈಟ್ ಮರಿ ಕಚ್ಚಿ. ಸ್ಕ್ರಬ್ ಕ್ರಿಮಿ ನಮ್ಮ ಜೀವಕೋಶದ ಒಳಗೇ ಸೇರ್ಕೊಂಡು ಬದುಕುತ್ತೆ, ಸೆಫ್ಟ್ರಿಯಾಕ್ಸೋನ್ ದಿನಕ್ಕೆ 4 ಗ್ರಾಂ ಹಾಕಿದ್ರೂ ಅದಕ್ಕೆ ಏನೂ ಆಗಲ್ಲ, ಮೆರೋಪೆನೆಮ್ ಹಾಕಿದ್ರೂ ಆಗಲ್ಲ. ಅದೇ ಅಗ್ಗದ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಕೊಟ್ರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತೆ. ಎಷ್ಟೋ ರೋಗಿಗಳು ಐದು ದಿನ ಸೆಫ್ಟ್ರಿಯಾಕ್ಸೋನ್ ಡ್ರಿಪ್ ಹಾಕ್ಸ್ಕೊಂಡು, ದುಡ್ಡೆಲ್ಲಾ ಕಳ್ಕೊಂಡು, ಲಿವರ್ ಕಿಡ್ನಿ ಎರಡೂ ಕೆಟ್ಟು ಬರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ದಯವಿಟ್ಟು ಬಟ್ಟೆ ಸರಿಸಿ ನೋಡಿ. ಕಂಕುಳು, ತೊಡೆ ಸಂದು, ಸೊಂಟದ ದಾರ ಕಟ್ಟೋ ಜಾಗ, ಸ್ತನದ ಕೆಳಗೆ, ಅಲ್ಲಿ ಬೀಡಿ ಸುಟ್ಟ ಗುರುತಿನ ಥರ ಕಪ್ಪು ಹಕ್ಕಳೆ ಇದ್ರೆ ಅದು ಎಸ್ಕಾರ್, ನೋವಿರಲ್ಲ, ಅದಕ್ಕೇ ರೋಗಿ ಹೇಳೋದೂ ಇಲ್ಲ. ಸಿಕ್ಕಿದ್ರೆ ಟೆಸ್ಟ್ ರಿಪೋರ್ಟಿಗೆ ಕಾಯದೇ ಡಾಕ್ಸಿ ಶುರು ಮಾಡಿ. ಬಸುರಿಗೆ ಅಜಿತ್ರೋ. ಉಸಿರಾಟ ಕೆಟ್ಟು ಐಸಿಯು ಮಟ್ಟಕ್ಕೆ ಹೋದವರಲ್ಲಿ ಡಾಕ್ಸಿ ಅಜಿತ್ರೋ ಎರಡನ್ನೂ ಸೇರಿಸಿ ರಕ್ತನಾಳಕ್ಕೆ ಕೊಡೋದು ಒಂದೊಂದೇ ಕೊಡೋದಕ್ಕಿಂತ ವಾಸಿ ಅಂತ ನಮ್ಮ ದೇಶದ ಆಸ್ಪತ್ರೆಗಳಲ್ಲೇ ಮಾಡಿದ ಅಧ್ಯಯನ 2023ರಲ್ಲಿ ತೋರಿಸಿದೆ.

ಟೈಫಾಯ್ಡ್ ಅನ್ನಿಸಿದ್ರೆ ಆಂಟಿಬಯಾಟಿಕ್ ಮುಟ್ಟೋ ಮುಂಚೆ ಬ್ಲಡ್ ಕಲ್ಚರ್. ವಿಡಾಲ್ ಅನ್ನೋ ರಕ್ತ ಪರೀಕ್ಷೆ ಒಂದು ಸಲ ಪಾಸಿಟಿವ್ ಅಂದ ಮಾತ್ರಕ್ಕೆ ಟೈಫಾಯ್ಡ್ ಅಲ್ಲ, ನಮ್ಮಂಥ ಊರಲ್ಲಿ ಹಿಂದೆ ಯಾವಾಗ್ಲೋ ಕ್ರಿಮಿ ಸೋಕಿದವರಿಗೂ ಅದು ಪಾಸಿಟಿವ್ ಬರುತ್ತೆ. ಓಡಾಡ್ಕೊಂಡು ಊಟ ಮಾಡ್ತಿರೋ ರೋಗಿಗೆ ಅಜಿತ್ರೋ ಬಾಯಲ್ಲಿ 7 ದಿನ ಸಾಕು. ವಾಂತಿ, ಸುಸ್ತು, ಹೊಟ್ಟೆ ಉಬ್ಬರ ಇದ್ರೆ ಅಡ್ಮಿಟ್ ಮಾಡಿ ಸೆಫ್ಟ್ರಿಯಾಕ್ಸೋನ್. ಸೆಫಿಕ್ಸಿಮ್ ಕೊಡಬಹುದು ಆದ್ರೆ ನಿಧಾನ, ಫೇಲ್ ಆಗೋದೂ ಜಾಸ್ತಿ, ಕೊಟ್ರೆ ಪೂರ್ತಿ ಡೋಸ್ ಕೊಡಿ, ಕೇಜಿಗೆ ದಿನಕ್ಕೆ 20 ಮಿ.ಗ್ರಾಂ, ಬೇರೆ ಇನ್ಫೆಕ್ಷನ್ನಿಗೆ ಬರೆಯೋ ಡೋಸಿನ ಎರಡರಷ್ಟು ಹೆಚ್ಚುಕಮ್ಮಿ. ಸಿಪ್ರೋ ಬಿಟ್ಬಿಡಿ. ಮುಖ್ಯವಾದ ಮಾತು, ಸರಿಯಾದ ಔಷಧಿ ಕೊಟ್ರೂ ಟೈಫಾಯ್ಡ್ ಜ್ವರ ಇಳಿಯೋಕೆ 4ರಿಂದ 6 ದಿನ ಬೇಕು. ಎರಡನೇ ದಿನಕ್ಕೆ ಜ್ವರ ಇದೆ ಅಂತ ಔಷಧಿ ಬದಲಾಯಿಸೋದು ನಮ್ಮ ಅವಸರ, ರೋಗದ ತಪ್ಪಲ್ಲ.

ಚರ್ಮ, ಕುರು, ಕೀವು

ಬಿಸಿನೀರಲ್ಲಿ ಕೈ ಅದ್ದಿ ಎಳೆ ತೆಗೆಯೋರ ಬೆರಳ ಸಂದು ಒಡೆದು ಕೀವಾಗೋದು ನಮ್ಮೂರಲ್ಲಿ ದಿನಾ ನೋಡೋದೇ. ಇಲ್ಲಿ ಹೋಲಿಕೆ ಬ್ಲೇಡಿಗೂ ಮಾತ್ರೆಗೂ. ಕೀವು ತುಂಬಿದ ಕುರುವಿಗೆ ಕೊಯ್ದು ಹೊರಹಾಕೋದೇ ಚಿಕಿತ್ಸೆ, ಕೀವಿನೊಳಕ್ಕೆ ಮಾತ್ರೆ ಸರಿಯಾಗಿ ಹೋಗೋದೂ ಇಲ್ಲ. ಸುತ್ತ ಕೆಂಪಗೆ ಹರಡಿದ್ರೆ, ಜ್ವರ ಇದ್ರೆ ಸೆಫಲೆಕ್ಸಿನ್ ಅಥವಾ ಕ್ಲಾಕ್ಸಸಿಲಿನ್ 5 ದಿನ. ನಾಯಿ, ಹಸು ಕಚ್ಚಿದ ಗಾಯಕ್ಕೆ ಮಾತ್ರ ಅಮಾಕ್ಸಿಕ್ಲಾವ್ ಸರಿಯಾದ ಆಯ್ಕೆ, ಸೋಪು ಹಾಕಿ 15 ನಿಮಿಷ ತೊಳೆದು ರೇಬೀಸ್ ಲಸಿಕೆ ಕೊಟ್ಟ ಮೇಲೆ. ಲಿನೆಜೋಲಿಡ್ ಕ್ಲಿನಿಕ್ಕಿನ ಔಷಧಿ ಅಲ್ಲವೇ ಅಲ್ಲ. ಡಿಪ್ರೆಶನ್ ಮಾತ್ರೆ, ಟ್ರಮಡಾಲ್ ತಗೊಳ್ಳೋರಿಗೆ ಅಪಾಯ, ಎರಡು ವಾರ ದಾಟಿದ್ರೆ ಪ್ಲೇಟ್‌ಲೆಟ್ ಇಳಿಸುತ್ತೆ.

ಸೂಜಿನಾ, ಮಾತ್ರೆನಾ

"ಸೂಜಿ ಹಾಕಮ್ಮ ಬೇಗ ಹೋಗುತ್ತೆ" ಅಂತಾರೆ. ಬಾಯಲ್ಲಿ ನುಂಗಿ ದಕ್ಕಿಸ್ಕೊಳ್ಳೋ ರೋಗಿಗೆ, ಡಾಕ್ಸಿ, ಮೆಟ್ರೊನಿಡಜೋಲ್, ಲೆವೋಫ್ಲಾಕ್ಸಸಿನ್ ಇವೆಲ್ಲ ಹೊಟ್ಟೆಯಿಂದ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಸೇರುತ್ತೆ, ರಕ್ತನಾಳಕ್ಕೆ ಹಾಕಿ ಹೆಚ್ಚಿನ ಲಾಭ ಇಲ್ಲ. ದಿನಕ್ಕೊಂದು ಸೆಫ್ಟ್ರಿಯಾಕ್ಸೋನ್ ಸೂಜಿ ಎರಡು ದಿನ ಹಾಕಿ ಆಮೇಲೆ ಸೆಫಿಕ್ಸಿಮ್ ಕೊಡೋ ಪದ್ಧತಿ ನೆಗಡಿ ಜ್ವರಕ್ಕೂ ನಡೀತಿದೆ, ಅದರಿಂದ ಅನಾಫಿಲಾಕ್ಸಿಸ್ ಅಪಾಯ ಮಾತ್ರ ಗ್ಯಾರಂಟಿ ಉಳಿಯುತ್ತೆ. ಯಾವುದೇ ಆಂಟಿಬಯಾಟಿಕ್ ಸೂಜಿ ಹಾಕೋ ಮುಂಚೆ ಅಡ್ರಿನಲಿನ್ ಆಂಪ್ಯೂಲ್ ಕೈಗೆಟುಕೋ ಕಡೆ ಇರ್ಲಿ, ಬೀರು ಒಳಗೆ ಬೀಗ ಹಾಕಿ ಅಲ್ಲ.

ಹಸಿರು, ಹಳದಿ, ಕೆಂಪು

ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯಾಟಿಕ್‌ಗಳನ್ನ ಮೂರು ಗುಂಪು ಮಾಡಿದೆ, ಅವೇರ್ ಅಂತ. ಹಸಿರು ಆಕ್ಸೆಸ್, ಅಂದ್ರೆ ಮೊದಲ ಕೈ: ಅಮಾಕ್ಸಿಸಿಲಿನ್, ಕ್ಲಾವ್ ಸೇರಿದ್ದು, ಸೆಫಲೆಕ್ಸಿನ್, ಡಾಕ್ಸಿ, ನೈಟ್ರೋಫ್ಯುರಾಂಟಾಯಿನ್, ಮೆಟ್ರೊನಿಡಜೋಲ್, ಜೆಂಟಮೈಸಿನ್. ಹಳದಿ ವಾಚ್, ಅಂದ್ರೆ ಕಣ್ಣಿಟ್ಟು ಬಳಸೋದು: ಅಜಿತ್ರೋ, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸಿಪ್ರೋ, ಲೆವೋ, ಮೆರೋಪೆನೆಮ್. ಕೆಂಪು ರಿಸರ್ವ್, ಅಂದ್ರೆ ಬೇರೇನೂ ಉಳಿಯದಿದ್ದಾಗ: ಕೊಲಿಸ್ಟಿನ್, ಲಿನೆಜೋಲಿಡ್, ಟೈಗೆಸೈಕ್ಲಿನ್. 2030ರ ಹೊತ್ತಿಗೆ ಬಳಸೋ ಆಂಟಿಬಯಾಟಿಕ್ಕಲ್ಲಿ 70% ಆಕ್ಸೆಸ್ ಗುಂಪಿಂದ ಇರ್ಬೇಕು ಅಂತ 2024ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಕೊಂಡಿವೆ. ನಿಮ್ಮ ಹೋದ ವಾರದ ಚೀಟಿಗಳನ್ನ ಒಂದು ಸಲ ಎಣಿಸಿ ನೋಡಿ, ನಾನು ಎಣಿಸಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಫಾರೋಪೆನೆಮ್ ಮಾತ್ರೆ ಅಂತೂ ರಿಸರ್ವ್ ಗುಂಪಿನದು, ಅದನ್ನ ಗಂಟಲಿಗೂ ಉರಿಮೂತ್ರಕ್ಕೂ ಬರೆದ ಚೀಟಿ ನನ್ನ ಕೈಗೆ ಬಂದಿವೆ.

ಬರೀ ಭಯ ಹುಟ್ಟಿಸೋಕೆ ಹೇಳ್ತಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ನೇರವಾಗಿ ಸತ್ತವರು 2019ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಅಂತ ಅಂದಾಜು. ನಮ್ಮಲ್ಲಿ 2014ರ ಮಾರ್ಚಿಂದ ಶೆಡ್ಯೂಲ್ ಎಚ್1 ಇದೆ, ಸೆಫಿಕ್ಸಿಮ್ ಸೆಫ್ಟ್ರಿಯಾಕ್ಸೋನ್ ಥರದ್ದು ಕೊಟ್ರೆ ಮೆಡಿಕಲ್ಸಿನವರು ರೋಗಿ ಹೆಸರು, ಡಾಕ್ಟರ್ ಹೆಸರು, ಎಷ್ಟು ಕೊಟ್ರು ಅಂತ ರಿಜಿಸ್ಟರಲ್ಲಿ ಬರೆದು 3 ವರ್ಷ ಇಟ್ಕೊಳ್ಬೇಕು. ಮೆಡಿಕಲ್ಸ್ ನಡೆಸೋ ಅಣ್ಣಂದಿರು ಕೆಟ್ಟವರಲ್ಲ, ಗಿರಾಕಿ ಎದುರು ನಿಂತು ಕೇಳುವಾಗ ಇಲ್ಲ ಅನ್ನೋಕೆ ಅವರಿಗೂ ಕಷ್ಟ, ನಾವು ಚೀಟೀಲಿ ಎಷ್ಟು ಮಾತ್ರೆ ಅಂತ ಸ್ಪಷ್ಟವಾಗಿ ಬರೆದು, ಒಂದು ಸಲ ಹೋಗಿ ಮಾತಾಡಿದ್ರೆ ಕೇಳ್ತಾರೆ, ನಮ್ಮ ಬೀದಿಯಲ್ಲಿ ಕೇಳಿದ್ದಾರೆ.

ನುಂಗೋರು ಯಾರು

ಬರೆಯೋ ಮುಂಚೆ ಅಲರ್ಜಿ ಕೇಳಿ, ಆದ್ರೆ "ಅಲರ್ಜಿ ಇದೆಯಾ" ಅಂತಷ್ಟೇ ಅಲ್ಲ, ಏನಾಯ್ತು, ಎಷ್ಟು ಹೊತ್ತಿಗಾಯ್ತು, ಎಷ್ಟು ವರ್ಷದ ಹಿಂದೆ ಅಂತ. ಬೇದಿ ಆಗಿದ್ದನ್ನ, ತಲೆಸುತ್ತಿದ್ದನ್ನ ಜನ ಅಲರ್ಜಿ ಅಂತಾರೆ. ಪೆನ್ಸಿಲಿನ್ ಅಲರ್ಜಿ ಅಂತ ಹಣೆಪಟ್ಟಿ ಇರೋ ಹತ್ತರಲ್ಲಿ ಒಂಬತ್ತು ಜನಕ್ಕೆ ಸರಿಯಾಗಿ ಪರೀಕ್ಷೆ ಮಾಡಿದ್ರೆ ಅಲರ್ಜಿ ಇರಲ್ಲ. ಆದ್ರೆ ಸೂಜಿ ಹಾಕಿದ ಅರ್ಧ ಗಂಟೆಯಲ್ಲಿ ಮೈ ದದ್ದು, ತುಟಿ ಊತ, ಉಸಿರು ಕಟ್ಟಿದ್ದು ಅಂದ್ರೆ ಅದು ನಿಜ, ಮುಟ್ಬೇಡಿ. ಪೆನ್ಸಿಲಿನ್ ಅಲರ್ಜಿ ಇರೋರಲ್ಲಿ 10% ಜನಕ್ಕೆ ಸೆಫಲೋಸ್ಪೋರಿನ್ನೂ ಆಗಲ್ಲ ಅಂತ ನಾವು ಓದಿದ್ವಿ, ಈಗಿನ ಲೆಕ್ಕ 2%ರ ಆಸುಪಾಸು, ಆದ್ರೆ ಸೆಫಲೆಕ್ಸಿನ್ನಿಗೂ ಅಮಾಕ್ಸಿಸಿಲಿನ್ನಿಗೂ ರಚನೆಯಲ್ಲಿ ಹೋಲಿಕೆ ಇದೆ, ಹಾಗಾಗಿ ಅಮಾಕ್ಸಿಸಿಲಿನ್ನಿಗೆ ನಿಜವಾದ ಅಲರ್ಜಿ ಇರೋರಿಗೆ ಸೆಫಲೆಕ್ಸಿನ್ ಆರಿಸ್ಬೇಡಿ.

ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ತಗೊಳ್ಳೋ ವಯಸ್ಸಾದವರಿಗೆ ಲೆವೋ, ಓಫ್ಲಾಕ್ಸಸಿನ್ ಕೊಟ್ರೆ ಶುಗರ್ ದಿಢೀರ್ ಇಳಿಯಬಹುದು, ನಮ್ಮತ್ತೆಗೇ ಹಂಗಾಗಿ ಬೆಳಗಿನ ಜಾವ ಬೆವೆತು ಮಾತು ತೊದಲ್ತಿದ್ರು, ಬೇದಿಗೆ ಅಂತ ಎಲ್ಲಿಂದಲೋ ತಂದ ಮಾತ್ರೆ ತಲೆದಿಂಬಿನ ಕೆಳಗಿತ್ತು. ಸ್ಟೀರಾಯ್ಡ್ ತಗೊಳ್ಳೋರಿಗೆ ಇದೇ ಗುಂಪು ಹಿಮ್ಮಡಿಯ ಟೆಂಡನ್ (ಸ್ನಾಯುರಜ್ಜು) ಹರಿಯೋ ಅಪಾಯ ತರುತ್ತೆ. ಬಸುರಿಗೆ ಪೆನ್ಸಿಲಿನ್, ಸೆಫಲೋಸ್ಪೋರಿನ್ ಗುಂಪು ಧೈರ್ಯವಾಗಿ ಕೊಡಿ, ಡಾಕ್ಸಿ, ಸಿಪ್ರೋ ಬೇಡ. ಹೃದಯದ ಬಡಿತ ತಪ್ಪೋರಿಗೆ ಅಜಿತ್ರೋ ಬರೆಯೋ ಮುಂಚೆ ಇಸಿಜಿ ನೋಡಿ. ಅಮಿಕಾಸಿನ್, ಜೆಂಟಮೈಸಿನ್ನಿಗೆ ಮುಂಚೆ ಕಿಡ್ನಿ ಹೇಗಿದೆ ಅಂತ ತಿಳಿಯೋ ಕ್ರಿಯಾಟಿನಿನ್ ಪರೀಕ್ಷೆ.

ಹಾಲಿನ ವಿಷಯ ಬೇರೆ ಹೇಳ್ಬೇಕು, ನಮ್ಮ ಕಡೆ ಮನೆ ಮನೆಯಲ್ಲೂ ಹಸು, ಮಾತ್ರೆ ಅಂದ್ರೆ ಹಾಲಿನ ಜೊತೆ ನುಂಗೋದು ಅಭ್ಯಾಸ. ಸಿಪ್ರೋ, ಡಾಕ್ಸಿ ಹಾಲಿನ ಕ್ಯಾಲ್ಸಿಯಂಗೆ ಅಂಟ್ಕೊಂಡು ರಕ್ತಕ್ಕೆ ಸೇರೋದು ಕಮ್ಮಿಯಾಗುತ್ತೆ, ಐರನ್ ಮಾತ್ರೆ, ಗ್ಯಾಸಿನ ಔಷಧಿ ಜೊತೆಗೂ ಅಷ್ಟೇ, ಎರಡು ಗಂಟೆ ಅಂತರ ಇರ್ಲಿ. ಡಾಕ್ಸಿ ನುಂಗಿದ ಮೇಲೆ ದೊಡ್ಡ ಲೋಟ ನೀರು, ಅರ್ಧ ಗಂಟೆ ಮಲಗ್ಬಾರ್ದು, ಇಲ್ಲಾಂದ್ರೆ ಅನ್ನನಾಳ ಸುಟ್ಟು ಹುಣ್ಣಾಗುತ್ತೆ.

ಮೂರನೇ ದಿನ

ಎಷ್ಟು ದಿನ ಅನ್ನೋದನ್ನ ಮೊದಲ ದಿನವೇ ಚೀಟಿಯಲ್ಲಿ ತಾರೀಖು ಹಾಕಿ ಬರೀರಿ. ನಿಮೋನಿಯಾ, ಚರ್ಮಕ್ಕೆ 5 ದಿನ ಸಾಕು, ಮುಂಚಿನ ಥರ 10, 14 ಬೇಕಿಲ್ಲ. ಟಿಬಿ, ಟೈಫಾಯ್ಡ್, ಸ್ಟ್ರೆಪ್ ಗಂಟಲು ಪೂರ್ತಿ. ಮತ್ತೆ ಮೂರನೇ ದಿನ ಬನ್ನಿ ಇಲ್ಲಾ ಫೋನ್ ಮಾಡಿ ಅಂತ ಹೇಳಿ. ವಾಸಿ ಆಗ್ತಿಲ್ಲ ಅಂದ್ರೆ ಮೇಲಿನ ಮೆಟ್ಟಿಲಿನ ಔಷಧಿಗೆ ಕೈ ಹಾಕೋ ಮುಂಚೆ ಮತ್ತೆ ಮೈ ಮುಟ್ಟಿ ನೋಡಿ: ಇದು ಬ್ಯಾಕ್ಟೀರಿಯಾನೇ ಹೌದಾ, ಮಾತ್ರೆ ಸರಿಯಾಗಿ ನುಂಗಿದ್ದಾರಾ, ಡೋಸ್ ಕಮ್ಮಿ ಆಯ್ತಾ, ಎಲ್ಲಾದ್ರೂ ಕೀವು ಕಟ್ಟಿದೆಯಾ, ಟಿಬಿ ಇರಬಹುದಾ.

ಖಾಲಿ ಸ್ಟ್ರಿಪ್ ತಂದಿದ್ದ ರೈತರಿಗೂ ನಾನು ಅದನ್ನೇ ಮಾಡಿದ್ದು. ಗಂಟಲು ನೋಡೋಕೆ ಬಾಯಿ ತೆಗೆಸಿದ್ರೆ ಬಾಯಿ ಸರಿಯಾಗಿ ತೆರೆಯೋಕೇ ಆಗ್ತಿಲ್ಲ, ಟಾರ್ಚ್ ಹಾಕಿದ್ರೆ ಕೆಳಗಿನ ದವಡೆ ಹಲ್ಲಿನ ಬುಡದಲ್ಲಿ ಕೀವು. ಹಲ್ಲು ನೋವಿದೆ ಅಂತ ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅವತ್ತೇ ಹಲ್ಲಿನ ಡಾಕ್ಟರ್ ಹತ್ರ ಕಳಿಸ್ದೆ, ಅವರು ಹಲ್ಲು ಕಿತ್ತು ಕೀವು ತೆಗೆದು ಅಮಾಕ್ಸಿಸಿಲಿನ್ ಬರೆದ್ರು. ಮೂರನೇ ದಿನ ನಾನೇ ಫೋನ್ ಮಾಡಿದಾಗ ಹಿಪ್ಪುನೇರಳೆ ಸೊಪ್ಪು ಕೊಯ್ತಾ ಇದ್ರು.